ಗುಂಡಿ ಮಾತ್ರ ಬಾಕಿ

ನನ್ನ ಗಂಡ ಟೈಲರ್. ಟೈಲರ್ ಅಂದಮೇಲೆ ಸುಳ್ಳು ಹೇಳುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ. ಆದರೆ ಉಳಿದವರು "ನಾಳೆ ಬನ್ನಿ" ಎಂದು ಸುಲಭದ ಸುಳ್ಳು ಹೇಳಿ ಮುಗಿಸಿದರೆ, ಇವರದು ನಯನಾಜೂಕಿನ ಸುಳ್ಳು. ಗಿರಾಕಿ ಬಾಗಿಲಲ್ಲಿ ಕಂಡ ಕೂಡಲೇ ಮುಖ ಅರಳಿಸಿ, "ಎಲ್ಲಾ ಆಗಿದೆ, ಗುಂಡಿ ಮಾತ್ರ ಬಾಕಿ" ಅನ್ನುತ್ತಾರೆ. ಆ ಗಿರಾಕಿಯ ಬಟ್ಟೆ ಅಷ್ಟು ಹೊತ್ತಿಗೂ ತಂದುಕೊಟ್ಟ ಕವರಿನಲ್ಲೇ ಮಡಿಸಿ ಬಿದ್ದಿರುತ್ತದೆ. ಕತ್ತರಿಯ ಗಾಳಿ ಕೂಡ ಅದಕ್ಕೆ ಸೋಕಿರುವುದಿಲ್ಲ.

ಇದರಲ್ಲಿ ನನ್ನ ಹೊಟ್ಟೆ ಉರಿಸುವ ಸಂಗತಿ ಏನೆಂದರೆ, ನಮ್ಮ ಅಂಗಡಿಯಲ್ಲಿ ಗುಂಡಿ ಹಚ್ಚುವವಳು ನಾನು. ಕಟಿಂಗ್, ಹೊಲಿಗೆ ಅವರದು. ಗುಂಡಿ, ಕೊಕ್ಕೆ, ಅಂಚು ಮಡಿಸುವುದು, ಇಸ್ತ್ರಿ ನನ್ನದು. ಅವರು ಹಾಗಂದ ಮರುಕ್ಷಣ ಗಿರಾಕಿಯ ಕೆಂಗಣ್ಣು ನೇರವಾಗಿ ನನ್ನ ಮೇಲೆ ಬೀಳುತ್ತದೆ, ಈ ಹೆಂಗಸಿಗೆ ನಾಲ್ಕು ಗುಂಡಿ ಹಚ್ಚಲು ಇಷ್ಟು ದಿನ ಬೇಕೇ ಅನ್ನುವ ಹಾಗೆ. ನಾನು ಹಲ್ಲು ಕಚ್ಚಿಕೊಂಡು ಸೂಜಿಗೆ ದಾರ ಪೋಣಿಸುತ್ತೇನೆ. ಅವರು ಮಷೀನಿನ ಹಿಂದೆ ತಲೆ ತಗ್ಗಿಸಿ ಮೀಸೆಯಲ್ಲೇ ನಗುತ್ತಾರೆ.

ನಮ್ಮ ಮಗಳು ಚಿಕ್ಕವಳಿದ್ದಾಗಲೇ ಈ ಮಾತನ್ನು ಮನೆಯೊಳಗೆ ತಂದುಬಿಟ್ಟಳು. ಹೋಂವರ್ಕ್ ಆಯ್ತೇನೇ ಅಂದರೆ, "ಗುಂಡಿ ಮಾತ್ರ ಬಾಕಿ" ಅನ್ನುವಳು. ಇನ್ನೂ ಪುಸ್ತಕವನ್ನೇ ತೆಗೆದಿಲ್ಲ ಎಂದು ನಾವು ಅರ್ಥ ಮಾಡಿಕೊಳ್ಳಬೇಕು. ಅಪರೂಪಕ್ಕೆ ನಿಜ ಹೇಳುವ ಮನಸ್ಸಾದರೆ, "ಕತ್ತರೀನೇ ಹಾಕಿಲ್ಲ" ಅನ್ನುವಳು. ಈ ಎರಡನೇ ಮಾತನ್ನು ಮಗಳು ಬಳಸಿದ್ದಳು, ನಾನು ಬಳಸಿದ್ದೆ. ಇವರ ಬಾಯಿಂದ ಮಾತ್ರ ಒಂದು ದಿನವೂ ಬಂದಿರಲಿಲ್ಲ.

ಇಂಥ ಮನುಷ್ಯನಿಗೆ ಸಕ್ಕರೆ ಕಾಯಿಲೆ ಬಂತು. ಮೊದಲು ಕಣ್ಣು ಮಂಜಾಯಿತು, ಆಮೇಲೆ ಕಾಲು ಉರಿಯಲು ಶುರುವಾಯಿತು. ಕಾಲು ಅಂದರೆ ಇವರಿಗೆ ಪ್ರಾಣ. ಅಂಗಡಿಯಲ್ಲಿ ಮೋಟಾರಿನ ಮಷೀನ್ ಒಂದಿದ್ದರೂ ಕಾಲರ್, ಕೈತೋಳಿನ ತಿರುವು ಇಂಥ ನಾಜೂಕು ಕೆಲಸಕ್ಕೆಲ್ಲ ಹಳೆಯ ತುಳಿಯುವ ಮಷೀನೇ ಬೇಕು, ಅದೂ ಬರಿಗಾಲಲ್ಲಿ. "ಚಪ್ಪಲಿ ಹಾಕ್ಕೊಂಡು ತುಳಿದ್ರೆ ಮಷೀನ್ ಏನು ಹೇಳ್ತಿದೆ ಅಂತ ಕೇಳಿಸಲ್ಲ" ಅನ್ನುತ್ತಿದ್ದರು. ಕಾಲಿಗೂ ಕಿವಿ ಇದೆ ಎಂದು ನಂಬಿದ್ದ ಮನುಷ್ಯ. ನಾನು ಹೇಳಿದ್ದು ಮಾತ್ರ ಆ ಕಾಲಿಗೂ ಕೇಳಿಸುತ್ತಿರಲಿಲ್ಲ, ಮೇಲಿನ ಕಿವಿಗೂ ಕೇಳಿಸುತ್ತಿರಲಿಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ಕ್ಲಿನಿಕ್ ಇಟ್ಟಿರುವ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ಸಿಹಿ ಬಿಡಿ, ದಿನಾ ನಡೆಯಿರಿ, ಬರಿಗಾಲಲ್ಲಿ ಓಡಾಡಬೇಡಿ, ಆಗಾಗ ಬಂದು ಕಾಲು ತೋರಿಸಿ ಎಂದು ಕಡ್ಡಿ ಮುರಿದಂತೆ ಹೇಳಿದರು. ಇವರು ಎಲ್ಲದಕ್ಕೂ ತಲೆ ಆಡಿಸಿದರು. ಹೊರಗೆ ಬಂದ ಕೂಡಲೇ ಎದುರಿನ ಬೇಕರಿಯ ಗಾಜಿನ ಪೆಟ್ಟಿಗೆಯತ್ತ ಒಂದು ನೋಟ ಹೋಯಿತು. ಆ ನೋಟ ನನಗೆ ಗೊತ್ತು. ನನ್ನನ್ನು ನೋಡಲು ಬಂದ ದಿನವೂ ನನ್ನ ಕಡೆ ಅಷ್ಟು ಆಸೆಯಿಂದ ನೋಡಿರಲಿಲ್ಲ.

ಮಗಳು ಬೇರೆ ಊರಿನಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಪ್ರಯೋಗಶಾಲೆಯಲ್ಲಿ ಇಲಿ ಸಾಕುವುದು ಅವಳ ಕೆಲಸದ ದೊಡ್ಡ ಭಾಗ. ಅದಕ್ಕೇ ಇವರು ಅವಳಿಗೆ ಇಲಿ ಡಾಕ್ಟರ್ ಎಂದು ಹೆಸರಿಟ್ಟಿದ್ದಾರೆ. ಅವಳು ರಜೆಗೆ ಬಂದಾಗ ಒಂದು ಸಂಜೆ, ಈರುಳ್ಳಿ ಹೆಚ್ಚುತ್ತಾ ಕೂತವಳು, ಸಿಪ್ಪೆಯನ್ನು ಎತ್ತಿ ಹಿಡಿದು ಹೇಳಿದಳು.

"ಅಮ್ಮ, ನಾನು ಇಲಿಗಳಿಗೆ ಕೊಡ್ತಿರೋದು ಇದರಲ್ಲೇ ಇರೋ ಒಂದು ಅಂಶ. ಸಕ್ಕರೆ ಕಾಯಿಲೆ ಬಂದ ಮೇಲೆ ಕಾಲಿನ ನರ ಹಾಳಾಗೋದನ್ನ ಇದು ತಡೆಯುತ್ತಾ ಅಂತ ನೋಡ್ತಿದೀವಿ."

ಮನೆಯ ಮುಂಭಾಗದಲ್ಲೇ ಇರುವ ಅಂಗಡಿಯಲ್ಲಿ ಮಷೀನ್ ಟಕ್ಕನೆ ನಿಂತಿತು. ಒಳಗಿನ ಮಾತಿಗೆಲ್ಲ ಕಿವುಡಾಗಿರುವ ಮನುಷ್ಯ ಈಗ ಎದ್ದು ಅಡುಗೆಮನೆ ಬಾಗಿಲಿಗೇ ಬಂದರು.

"ಏನು ಅಂದೆ ಅದರ ಹೆಸರು?"

"ಕ್ವರ್ಸೆಟಿನ್."

"ಸ್ಯಾಟಿನ್ನಾ?"

"ಸ್ಯಾಟಿನ್ ಅಲ್ಲಪ್ಪ! ಕ್ವರ್ಸೆಟಿನ್. ಇಲಿಗಳ ಮೇಲೆ ಇನ್ನೂ ನೋಡ್ತಿದೀವಿ ಅಷ್ಟೇ. ನೀನು ಮಾತ್ರೆ ನುಂಗ್ತಿದೀಯಾ ಮೊದಲು ಹೇಳು. ಗುಂಡಿ ಮಾತ್ರ ಬಾಕಿನಾ, ಮಾತ್ರೆನೂ ಬಾಕಿನಾ?"

"ಎಲ್ಲಾ ನುಂಗಿದೀನಿ" ಎಂದರು ಇವರು. ನಾನು ಮೂಗು ಮುರಿದೆ.

ನನಗೆ ಆ ಇಲಿಗಳ ಮೇಲೆ ಅಯ್ಯೋ ಪಾಪ ಅನ್ನಿಸಿತು. ನರ ಹಾಳಾಗಿದೆಯೋ ಇಲ್ಲವೋ ಹೇಗೆ ತಿಳಿಯುತ್ತದೆ, ಇಲಿ ಬಾಯಿಬಿಟ್ಟು ಹೇಳುತ್ತದೆಯೇ ಎಂದು ಕೇಳಿದೆ. ಮಗಳು ಹೇಳಿದಳು, ಬೆಚ್ಚಗಿರುವ ಗಾಜಿನ ಹಲಗೆಯ ಮೇಲೆ ಇಲಿಯನ್ನು ಬಿಡುತ್ತಾರಂತೆ. ಬಿಸಿ ಅನ್ನಿಸಿದ ಕೂಡಲೇ ಅದು ಕಾಲು ಎತ್ತುತ್ತದಂತೆ, ಎತ್ತಿದ ಕೂಡಲೇ ತೆಗೆದುಬಿಡುತ್ತಾರಂತೆ.

"ಕಾಲು ಎತ್ತಿದ್ರೆ ನಮಗೆ ಖುಷಿ, ಅಮ್ಮ. ಕೆಲವು ಇಲಿ ಎತ್ತೋದೇ ಇಲ್ಲ, ಸುಮ್ಮನೆ ನಿಂತಿರುತ್ತೆ. ಬಿಸಿ ಗೊತ್ತೇ ಆಗಲ್ಲ ಅವಕ್ಕೆ, ನಾವೇ ಎತ್ತಿ ತೆಗೀಬೇಕು."

ಅಷ್ಟು ಹೊತ್ತಿಗೆ ಇವರು ಒಂದು ಹಿಡಿ ಸಿಪ್ಪೆ ಎತ್ತಿಕೊಂಡು ಹೋಗಿಯಾಗಿತ್ತು.

ಮಗಳು ಊರಿಗೆ ಹೊರಟದ್ದೇ ತಡ, ನಮ್ಮ ಮನೆ ಸಿಪ್ಪೆ ಕಾರ್ಖಾನೆಯಾಯಿತು. ಬೆಳಗಾದರೆ ಪಾತ್ರೆ ತುಂಬ ಈರುಳ್ಳಿ ಸಿಪ್ಪೆ ಕುದಿಯುವುದು, ತುಕ್ಕಿನ ಬಣ್ಣದ ನೀರನ್ನು ಇವರು ಸೋಸಿ, ಮುಖ ಕಿವುಚಿ, ಕುಡಿಯುವುದು. ನಮ್ಮ ಈರುಳ್ಳಿಯ ಸಿಪ್ಪೆ ಸಾಲದೆ ತರಕಾರಿಯವನ ಅಂಗಡಿಯಿಂದ ಚೀಲದಲ್ಲಿ ತುಂಬಿಸಿಕೊಂಡು ಬಂದರು. ಬಟ್ಟೆ ಇಡುವ ಕಪಾಟಿನ ಪಕ್ಕದಲ್ಲೇ ಆ ಚೀಲ. ಗಿರಾಕಿಯೊಬ್ಬರ ಬಿಳಿ ಅಂಗಿಯ ಮೇಲೆ ಕಂದು ಕಲೆ ಬಿದ್ದು, ಅದನ್ನು ತೆಗೆಯುವಷ್ಟರಲ್ಲಿ ನನ್ನ ಕೈ ಸೋತುಹೋಯಿತು. ಅಳತೆ ಕೊಡಲು ಬಂದವರಿಗೆಲ್ಲ ಇವರ ಉಪದೇಶ ಬೇರೆ. "ನನ್ನ ಮಗಳು ಕಂಡುಹಿಡಿದಿದ್ದು ಸಾರ್, ಸ್ಯಾಟಿನ್ ಅಂತ" ಎಂದು ಹೆಮ್ಮೆಯಿಂದ ಹೇಳುವರು. ಒಬ್ಬರು ಸ್ಯಾಟಿನ್ ಬಟ್ಟೆಯನ್ನೇ ನೀರಿಗೆ ಹಾಕಬೇಕೇ ಎಂದು ಕೇಳಿದರು.

ಇಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಈರುಳ್ಳಿ ಸಿಪ್ಪೆಯ ಹಿಂದೆ ಬೇಕರಿಯ ಬನ್ನು ಮನೆಯೊಳಗೆ ನುಸುಳಿತು. ಮಧ್ಯ ಸೀಳಿ ಕೆನೆ ತುಂಬಿದ ಬನ್ನು. ನಾನು ಕಣ್ಣು ಬಿಟ್ಟರೆ ಇವರ ಬಳಿ ಉತ್ತರ ಸಿದ್ಧವಾಗಿತ್ತು.

"ನೋಡು, ಪ್ಯಾಂಟು ಸೊಂಟದಲ್ಲಿ ಬಿಗಿಯಾದ್ರೆ ಏನು ಮಾಡ್ತೀವಿ? ಒಂದು ಕಡೆ ಬಿಡ್ತೀವಿ, ಇನ್ನೊಂದು ಕಡೆ ಹಿಡೀತೀವಿ. ಬನ್ನಲ್ಲಿ ಬಿಟ್ಟೆ, ಸಿಪ್ಪೇಲಿ ಹಿಡಿದೆ. ಸರಿಹೋಯ್ತಲ್ಲ?"

"ರೀ, ಅದು ಪ್ಯಾಂಟಲ್ಲ, ಮೈ!"

"ಎರಡೂ ಒಂದೇ ಕಣೇ. ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿರ್ತಾರೆ."

ಇಂಥವರ ಜೊತೆ ವಾದ ಮಾಡುವುದಕ್ಕಿಂತ ಗುಂಡಿ ಹಚ್ಚುವುದು ಮೇಲು ಎಂದು ನಾನು ಸೂಜಿ ಹಿಡಿದೆ. ಕ್ಲಿನಿಕ್ಕಿಗೆ ಹೋಗಿ ಕಾಲು ತೋರಿಸುವ ದಿನ ಬಂದಾಗಲೆಲ್ಲ ಒಂದಲ್ಲ ಒಂದು ಅರ್ಜೆಂಟ್ ಆರ್ಡರ್ ಹುಟ್ಟಿಕೊಳ್ಳುತ್ತಿತ್ತು. ಡಾಕ್ಟರಮ್ಮ ಬೀದಿಯಲ್ಲಿ ಎದುರಾದರೆ ಇವರು ಕಾಲಿಗೆ ಬುದ್ಧಿ ಹೇಳುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಎದ್ದವರೇ ಹಾಸಿಗೆಯಲ್ಲಿ ಕೂತು ತಮ್ಮ ಪಾದಗಳನ್ನು ನೋಡಿಕೊಂಡರು.

"ಇವಳೇ, ಉರಿ ಹೋಯ್ತು!"

ನಿಜವಾಗಿಯೂ ಹೋಗಿತ್ತು. ಕೆಲವು ದಿನಗಳಿಂದಲೇ ಕಡಿಮೆಯಾಗುತ್ತಾ ಬಂದು, ಈಗ ಪೂರ್ತಿ ತಣ್ಣಗಾಗಿತ್ತು. ಉರಿ ತಾಳಲಾರದೆ ತಂಪು ಗೋಡೆಗೆ ಪಾದ ಒತ್ತಿಕೊಂಡು ಮಲಗುತ್ತಿದ್ದ ಮನುಷ್ಯ ಹಾಯಾಗಿ ನಿದ್ದೆ ಮಾಡಿ ಎದ್ದಿದ್ದರು. ಸುಳ್ಳೇಕೆ ಹೇಳಲಿ, ನನಗೂ ಸಂತೋಷವಾಯಿತು. ಇಲಿ ಡಾಕ್ಟರು ನಮ್ಮ ಹೊಟ್ಟೆಯಲ್ಲಿ ಹುಟ್ಟಿದ್ದು ಸಾರ್ಥಕವಾಯಿತು ಎಂದುಕೊಂಡೆ. ಆ ದಿನ ಸಿಪ್ಪೆ ನೀರನ್ನು ನಾನೇ ಸೋಸಿಕೊಟ್ಟೆ. ಮಗಳಿಗೆ ಫೋನಿನಲ್ಲಿ ಹೇಳಬೇಡ, ಅವಳು ಬಂದಾಗ ಎದುರಿಗೇ ಹೇಳಿ ಬೆರಗುಗೊಳಿಸುತ್ತೇನೆ ಎಂದರು. ಆಗಲಿ ಎಂದೆ.

ಮುಂದಿನ ಭಾನುವಾರ ಅವಳು ಬಂದಳು. ಬ್ಯಾಗು ಇಳಿಸುವುದರೊಳಗೆ ಇವರು, "ಇರು, ಒಂದು ಸುದ್ದಿ ಇದೆ, ಬಾಯಿ ಸಿಹಿ ಮಾಡೇ ಹೇಳ್ತೀನಿ" ಎಂದು ಬೇಕರಿಗೆ ಓಡಿದರು. ಬರುವಾಗ ಕೈಯಲ್ಲಿ ಪೊಟ್ಟಣ, ಮುಖದ ತುಂಬ ನಗು, ಎಡಗಾಲಲ್ಲಿ ಚಪ್ಪಲಿ. ಬಲಗಾಲು ಬರಿದು.

"ಅಪ್ಪಾ, ಇನ್ನೊಂದು ಚಪ್ಪಲಿ ಎಲ್ಲಿ?"

ಇವರು ಕೆಳಗೆ ನೋಡಿದರು. ಯಾರದೋ ಕಾಲನ್ನು ನೋಡಿದ ಹಾಗೆ ನೋಡಿದರು. ಆಮೇಲೆ ಹೇಳಿದರು, "ಬರ್ತಾ ಇದೆ. ಹಿಂದೆ ಇದೆ."

ನಾನು ಬಿದ್ದು ಬಿದ್ದು ನಕ್ಕೆ. ಹೊಲಿಗೆಗೆ ಕೊಟ್ಟ ಬಟ್ಟೆ ಕಳೆದಿದ್ದರು, ಕೊಡೆ ಕಳೆದಿದ್ದರು, ಕಾಲಲ್ಲಿರುವ ಚಪ್ಪಲಿ ಕಳೆದವರನ್ನು ಇದೇ ಮೊದಲು ಕಂಡದ್ದು. ಬಾಗಿಲಿಗೆ ಹೋಗಿ ನೋಡಿದರೆ ಬೇಕರಿಯ ಮೆಟ್ಟಿಲ ಮುಂದೆಯೇ ಚಪ್ಪಲಿ ಅಂಗಾತ ಬಿದ್ದಿತ್ತು. ಅಲ್ಲಿಂದ ಇಲ್ಲಿಯವರೆಗೆ ರಸ್ತೆ ದಾಟಿ, ಜಲ್ಲಿಕಲ್ಲಿನ ಗುಡ್ಡೆ ತುಳಿದುಕೊಂಡು ಬಂದಿದ್ದಾರೆ. "ನಿಮ್ಮನ್ನೇ ಎಲ್ಲಾದ್ರೂ ಬಿಟ್ಟು ಬರ್ತೀರಿ ನೋಡಿ ಒಂದಿನ" ಎಂದು ನಾನು ಕಾಲೆಳೆಯುತ್ತಾ ಹಿಂತಿರುಗಿದೆ. ಮಗಳೂ ನಗುತ್ತಿರಬೇಕು ಅಂದುಕೊಂಡಿದ್ದೆ. ಅವಳು ನಗುತ್ತಿರಲಿಲ್ಲ.

"ಅಪ್ಪ, ಚಪ್ಪಲಿ ಬಿದ್ದಿದ್ದು ನಿಂಗೆ ಗೊತ್ತಾಗಲೇ ಇಲ್ವಾ?"

"ಏನೋ ಯೋಚನೇಲಿದ್ದೆ. ಅದಿರಲಿ, ಸುದ್ದಿ ಕೇಳು. ನಿನ್ನ ಸಿಪ್ಪೆ ಗೆದ್ದುಬಿಡ್ತು! ಕಾಲುರಿ ಪೂರ್ತಿ ಹೋಯ್ತು!"

ಮಗಳ ಮುಖದ ಬಣ್ಣ ಇಳಿದುಹೋಯಿತು. ಗಾಜಿನ ಮೇಲೆ ಕಾಲು ಎತ್ತದೆ ನಿಂತ ಇಲಿ ನನಗೂ ಆಗ ನೆನಪಿಗೆ ಬಂತು.

ಅವಳು ಅಪ್ಪನನ್ನು ಕಟಿಂಗ್ ಟೇಬಲ್ಲಿನ ಮೇಲೆ ಕಾಲು ಚಾಚಿ ಕೂರಿಸಿದಳು. ಚೀಲಗಳಿಗೆ ಹಾಕುವ ದಪ್ಪ ನೈಲಾನ್ ದಾರದ ಒಂದು ತುಂಡು ಕತ್ತರಿಸಿಕೊಂಡಳು. "ಸ್ಪರ್ಶ ಗೊತ್ತಾಗುತ್ತಾ ಅಂತ ನೋಡೋಕೆ ಕ್ಲಿನಿಕ್ಕಲ್ಲಿ ಇಂಥದ್ದೇ ಒಂದು ದಾರ ಇರುತ್ತೆ. ಈಗ ಇದೇ ಸಾಕು. ಕಣ್ಣು ಮುಚ್ಕೋ ಅಪ್ಪ. ದಾರ ತಾಗಿದಾಗ ಹೂಂ ಅನ್ನು."

"ಅಯ್ಯೋ, ಕಚಗುಳಿ ಆಗುತ್ತೆ."

"ಆದ್ರೆ ಒಳ್ಳೇದು."

ಅವಳು ಹೆಬ್ಬೆರಳ ಬುಡಕ್ಕೆ ದಾರದ ತುದಿ ಒತ್ತಿದಳು. "ಈಗ?" "ಹೂಂ." ಅಂಗಾಲಿನ ಉಬ್ಬಿಗೆ ಒತ್ತಿದಳು. "ಈಗ?" "ಹೂಂ." ನನಗೆ ಹೋದ ಜೀವ ಬಂದ ಹಾಗಾಯಿತು. ಆಮೇಲೆ ಅವಳು ದಾರವನ್ನು ಗಾಳಿಯಲ್ಲೇ ಹಿಡಿದುಕೊಂಡು, ಎಲ್ಲೂ ತಾಗಿಸದೆ, ಅದೇ ದನಿಯಲ್ಲಿ ಕೇಳಿದಳು. "ಈಗ?"

"ಹೂಂ" ಎಂದರು ಇವರು, ಗಿರಾಕಿಗೆ ಹೇಳುವಷ್ಟೇ ನೆಮ್ಮದಿಯಿಂದ.

ಮಗಳು ನನ್ನ ಮುಖ ನೋಡಿದಳು. ನಾನು ಮುಂದೆ ಹೋಗಿ ಇವರ ಬಲಪಾದವನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ತಿರುಗಿಸಿದೆ. ಹಿಮ್ಮಡಿಯ ಹತ್ತಿರ, ಧೂಳಿನ ನಡುವೆ, ಸಣ್ಣ ಬಿಳಿ ಮಣಿಯೊಂದು ಕಂಡಿತು. ಒರೆಸಿದರೆ ಹೋಗಲಿಲ್ಲ. ಸುತ್ತ ಚರ್ಮ ಕೆಂಪಾಗಿ ಊದಿಕೊಂಡಿತ್ತು. ಅದು ನಮ್ಮದೇ ಗುಂಡುಸೂಜಿಯ ತಲೆ. ಅಂಗಡಿ ಮುಚ್ಚುವಾಗ ನಾನು ಅಯಸ್ಕಾಂತ ಹಿಡಿದು ನೆಲವೆಲ್ಲ ಬಳಿಯುತ್ತೇನೆ, ಒಂದು ಸೂಜಿಯೂ ಬಿಡುವುದಿಲ್ಲ ಎಂದು ಜಂಬ ಬೇರೆ. ಇದು ನನಗೆ ಸಿಗದೆ ಇವರ ಕಾಲೊಳಗೆ ಮನೆ ಮಾಡಿತ್ತು.

ನಾನು ಉಗುರಲ್ಲಿ ಮಣಿ ಹಿಡಿದು ಎಳೆದೆ. ಸೂಜಿ ಉದ್ದಕ್ಕೂ ಬಂತು, ಬರುತ್ತಲೇ ಇತ್ತು.

ಕಣ್ಣು ಮುಚ್ಚಿಕೊಂಡೇ ಕೂತಿದ್ದ ಇವರು ಕೇಳಿದರು, "ಏನೇ, ಯಾಕೆ ನಿಲ್ಲಿಸಿಬಿಟ್ರಿ?"

ಆ ದಿನ ಇವರ ಕಾಲೆಳೆಯುವ ಮನಸ್ಸು ನಮಗಿಬ್ಬರಿಗೂ ಬರಲಿಲ್ಲ.

ಡಾಕ್ಟರಮ್ಮ ಭಾನುವಾರವಾದರೂ ಬಾಗಿಲು ತೆಗೆದರು. ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು, ಪಟ್ಟಿ ಕಟ್ಟಿ, ಆಮೇಲೆ ಚೆನ್ನಾಗಿ ಬೈದರು. ಉರಿ ಹೋಗಿದ್ದು ಗುಣವಾಗಿ ಅಲ್ಲ, ನರ ಸುದ್ದಿ ಕಳಿಸುವುದನ್ನೇ ನಿಲ್ಲಿಸಿದೆ ಎಂದರು. ಇನ್ನಷ್ಟು ದಿನ ಬಿಟ್ಟಿದ್ದರೆ ಒಳಗೇ ಕೀವಾಗಿ ಪಾದವನ್ನೇ ಕಳೆದುಕೊಳ್ಳಬೇಕಾಗಿತ್ತು ಎಂದರು. ಇವರ ಮುಖ ಹಿಟ್ಟಿನ ಹಾಗೆ ಬೆಳ್ಳಗಾಯಿತು. ಹೋಗಿರುವ ಸ್ಪರ್ಶ ಎಷ್ಟು ಮರಳುತ್ತದೋ ಹೇಳಲಾಗದು, ಉಳಿದಿರುವುದನ್ನು ಉಳಿಸಿಕೊಳ್ಳಬೇಕು, ಅದಕ್ಕೆ ಎಲ್ಲಿ ಗೊತ್ತಾಗುತ್ತದೆ ಎಲ್ಲಿ ಇಲ್ಲ ಎಂಬುದು ಮೊದಲು ತಿಳಿಯಬೇಕು ಎಂದು ಅವರೂ ತಮ್ಮ ದಾರ ತೆಗೆದರು. ಇವರು ಅಲ್ಲೂ ಎಲ್ಲದಕ್ಕೂ ಹೂಂ ಎಂದರು. ತಾಗಿಸಿದರೂ ಹೂಂ, ತಾಗಿಸದಿದ್ದರೂ ಹೂಂ.

ಡಾಕ್ಟರಮ್ಮ ದಾರ ಮಡಿಸಿಟ್ಟು ನನ್ನತ್ತ ತಿರುಗಿದರು. "ಇವರ ಮಾತು ನಂಬ್ಕೊಂಡು ನಾನು ಏನೂ ಮಾಡೋ ಹಾಗಿಲ್ಲ. ಮುಂದಿನ ಸಲದ ಹೊತ್ತಿಗೆ ನಿಜ ಹೇಳೋದು ಕಲಿಸ್ಕೊಂಡು ಕರ್ಕೊಂಡು ಬನ್ನಿ."

"ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ ಡಾಕ್ಟ್ರೇ" ಎಂದೆ ನಾನು.

ಊರಿಗೆ ಹೊರಡುವ ಮುಂಚೆ ಮಗಳು ಸಿಪ್ಪೆಯ ಚೀಲವನ್ನು ಹೊರಗೆ ಹಾಕಲಿಲ್ಲ, ಅದರ ಮುಂದೆ ಕೂತು ಅಪ್ಪನಿಗೆ ಅಪ್ಪನ ಭಾಷೆಯಲ್ಲೇ ಹೇಳಿದಳು. "ಇದು ಕೆಟ್ಟದ್ದಲ್ಲ ಅಪ್ಪ. ಕೆಲವು ಇಲಿಗಳಲ್ಲಿ ಚೆನ್ನಾಗಿ ಕಾಣ್ತಿದೆ. ಆದ್ರೆ ಅದೂ ನರ ಕೆಡೋ ಮುಂಚೇನೇ ಕೊಟ್ಟಿದ್ದಕ್ಕೆ. ಅವಕ್ಕೆ ಯಾರೂ ಕೆನೆ ಬನ್ನು ತಂದುಕೊಡ್ತಿಲ್ಲ. ಮನುಷ್ಯರ ವಿಷಯಕ್ಕೆ ಬಂದ್ರೆ ನಾವು ಇನ್ನೂ ಕತ್ತರೀನೇ ಹಾಕಿಲ್ಲ, ಅಳತೆ ತಗೋತಿದೀವಿ ಅಷ್ಟೇ. ಈರುಳ್ಳಿ ಊಟಕ್ಕೆ ಹಾಕ್ಕೊಂಡು ತಿನ್ನು, ಸೊಪ್ಪು ತರಕಾರಿ ತಿನ್ನು. ಮಾತ್ರೆ ಬಿಡಬೇಡ. ಬನ್ನು ಬಿಡು."

ಇವರು ಚೀಲದ ಬಾಯಿ ಕಟ್ಟುತ್ತಾ, "ಅರ್ಧ ಬನ್ನು?" ಎಂದರು.

"ಅಪ್ಪಾ!"

"ಆಯ್ತು, ಆಯ್ತು."

ಈಗ ಅಂಗಡಿ ಮುಚ್ಚಿದ ಮೇಲೆ ನಮ್ಮದೊಂದು ಹೊಸ ಕೆಲಸ. ಹಿಂಭಾಗದ ಫಿಟಿಂಗ್ ಹೇಗಿದೆ ಎಂದು ಗಿರಾಕಿಗೆ ತೋರಿಸಲು ಇಟ್ಟಿರುವ ಕೈಗನ್ನಡಿಯನ್ನು ನೆಲಕ್ಕೆ ಇಟ್ಟು, ಇವರು ಅದರ ಮೇಲೆ ಒಂದೊಂದೇ ಅಂಗಾಲು ಹಿಡಿದು ನೋಡಿಕೊಳ್ಳುತ್ತಾರೆ. "ಎಷ್ಟು ವರ್ಷದಿಂದ ನನ್ನ ಕೆಳಗೇ ಇದ್ರೂ ಪರಿಚಯ ಇರಲಿಲ್ಲ ನೋಡು" ಎಂದು ನಗಿಸುತ್ತಾರೆ. ಆಮೇಲೆ ನಾನು ದಾರ ಹಿಡಿಯುತ್ತೇನೆ, ಇವರು ಕಣ್ಣು ಮುಚ್ಚಿ ಹೂಂ ಅನ್ನುತ್ತಾರೆ. ನಾನು ಗದರುತ್ತೇನೆ. ಮರುದಿನ ಮತ್ತೆ ಅದೇ ಹೂಂ. ಕ್ಲಿನಿಕ್ಕಿಗೆ ಹೋಗುವ ಹಿಂದಿನ ಸಂಜೆಯೂ ಹಾಗೇ ಆದಾಗ ನನ್ನ ತಾಳ್ಮೆ ಕೆಟ್ಟಿತು. ದಾರ ಎಸೆದು ಎದ್ದೆ.

"ಗಿರಾಕಿಗೆ ಹೇಳಿ ಸುಳ್ಳು, ನನಗೇನೂ ಬೇಜಾರಿಲ್ಲ. ನಿಮ್ಮ ಕಾಲಿನ ವಿಷಯದಲ್ಲಿ ನನಗೇ ಯಾಕ್ರೀ?"

ಇವರು ಕಣ್ಣು ತೆರೆಯಲಿಲ್ಲ. ಮುಖದ ಮೇಲೆ ಆ ಅರಳಿಸುವ ನಗು ಇರಲಿಲ್ಲ. ಡಾಕ್ಟರಮ್ಮ ಹೇಳಿ ಕೊಡಿಸಿದ ಹೊಸ ಬೂಟು ಕಳಚಿಟ್ಟ ಪಾದಗಳು ಟೇಬಲ್ಲಿನ ಅಂಚಿನಲ್ಲಿ ಜೋಡಿಯಾಗಿ ನಿಂತಿದ್ದವು.

"ಇಲ್ಲ ಅಂದ್ರೆ ನೀವೆಲ್ಲ ಮಷೀನಿಂದ ಎಬ್ಬಿಸ್ತೀರಿ" ಎಂದರು. ದನಿ ಬಹಳ ಸಣ್ಣದಾಗಿತ್ತು. "ಉರಿ ಹೋದಾಗಿಂದ ಮಷೀನ್ ಹೇಳೋದೂ ಕೇಳಿಸ್ತಿಲ್ಲ ಕಣೇ. ಕಾಲು ಎಲ್ಲಿದೆ ಅಂತ ಬಗ್ಗಿ ನೋಡ್ಕೊಂಡು ತುಳೀತಿದೀನಿ. ನೀನು ಗುಂಡಿ ಹಚ್ತಾ ಇರ್ತೀಯ, ನಿಂಗೆ ಕಾಣಲ್ಲ."

ನನಗೆ ಕಂಡಿರಲಿಲ್ಲ. ಅಷ್ಟು ಹತ್ತಿರ ಕೂತು ಕೂಡ ಕಂಡಿರಲಿಲ್ಲ. ನಾನು ಕೆಳಗೆ ಬಗ್ಗಿ ದಾರ ಹುಡುಕಿಕೊಂಡೆ. ಬಲಹಿಮ್ಮಡಿಗೆ, ಮಾಗಿದ ಗಾಯದ ಪಕ್ಕ ಒತ್ತಿದೆ.

"ಈಗ?"

ಇವರು ಟೇಬಲ್ಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಗುಂಡಿ ಬಾಕಿ ಅಲ್ಲ ಕಣೇ" ಎಂದರು. "ಕತ್ತರೀನೇ ಹಾಕಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಮದುವೆಯಾದಾಗಿನಿಂದ ಈ ಮನುಷ್ಯ ಒಂದು ನಿಜ ಹೇಳಲಿ ಎಂದು ಕಾದಿದ್ದೆ. ಹೇಳಿದಾಗ ಅದು ಇದಾಗಿರಬೇಕೇ. ಕಣ್ಣೊರೆಸಿಕೊಂಡು ಹೆಬ್ಬೆರಳಿಗೆ ಒತ್ತಿದೆ. ಇಲ್ಲ ಎಂದರು. ಅಂಗಾಲಿನ ಉಬ್ಬಿಗೆ ಒತ್ತಿದೆ. ಇಲ್ಲ ಎಂದರು. ಎಡಗಾಲಿಗೆ ಬಂದು ಅಲ್ಲಿಯೂ ಹಿಮ್ಮಡಿಗೆ ಒತ್ತಿದೆ, ಇಲ್ಲ. ಬೆರಳುಗಳ ಬುಡಕ್ಕೆ ಒತ್ತಿದೆ, ಇಲ್ಲ. ಅಂಗಾಲಿನ ನಡುವಿನ ತಗ್ಗಿಗೆ, ಈ ಸಲ "ಈಗ?" ಎಂದು ಕೇಳದೆ, ಉಸಿರು ಬಿಗಿಹಿಡಿದು, ದಾರದ ತುದಿ ತಾಗಿಸಿದೆ.

"ಹೂಂ" ಎಂದರು.

ಅವರ ಹೂಂ ಅನ್ನು ನಾನು ನಂಬಿದ್ದು ಅದೇ ಮೊದಲು.